ಐತವಾರದ ಮೀನು

"ಕಾಕಾ, ಮೀನ ನೋಡ್ಲಿಕತ್ತೀರೋ, ದಾರಿ ನೋಡ್ಲಿಕತ್ತೀರೋ?"

ಸರ್ವರಬೇಗಂ ಹೀಗೆ ಕೇಳಿದ್ದಕ್ಕೆ ಸುತ್ತ ನಿಂತ ಗಿರಾಕಿಗಳು ನಕ್ಕರು. ಜಗದೇವಪ್ಪನ ಕಿವಿ ಬಿಸಿಯಾಯಿತು. ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ರೈಲ್ವೆ ಗೇಟಿನ ಕಡೆಯಿಂದ ಗುರುತಿನವರು ಯಾರಾದರೂ ಬಂದಾರೆಂದು ಅವನು ಆಗಿನಿಂದ ರಸ್ತೆಯನ್ನೇ ನೋಡುತ್ತಿದ್ದ. ಶಹಾಬಾದದಲ್ಲಿ ಮೀನು ಸಿಗದೆ ಅವನು ವಾಡಿಯವರೆಗೆ ಮೋಟರ್‌ಸೈಕಲ್ ಹೊಡೆದುಕೊಂಡು ಬಂದಿರಲಿಲ್ಲ. ಅಲ್ಲಿ ಎರಡು ಹೆಜ್ಜೆಗೆ ಒಬ್ಬರು ನಿಲ್ಲಿಸಿ ಮಾತಾಡಿಸುತ್ತಾರೆ, ಇಲ್ಲಿ ಅಷ್ಟು ಕಾಟವಿಲ್ಲ ಎಂದು ಬಂದಿದ್ದ.

"ಛಲೋದ್ ಒಂದು ಕೊಡ್ರಿ," ಎಂದ.

"ಛಲೋದ್ ಅಂದ್ರ ಯಾವುದು? ರೋಹು ಅದ, ಕಟ್ಲಾ ಅದ. ಸಣ್ಣವು ಬೇಕಂದ್ರ ಅವೂ ಅವ."

ಒದ್ದೆ ಗೋಣಿಯ ಮೇಲೆ ಸಾಲಾಗಿ ಮಲಗಿದ್ದ ಮೀನುಗಳು ಅವನ ಕಣ್ಣಿಗೆ ಎಲ್ಲವೂ ಒಂದೇ ಆಗಿದ್ದವು. ಎಲ್ಲಕ್ಕಿಂತ ದೊಡ್ಡದರ ಕಡೆ ಬೆರಳು ಮಾಡಿದ. ಕೊಯ್ದು ಕೊಡಲೇ ಎಂದು ಕೇಳಿದರೆ ಬೇಡವೆಂದು ತಲೆ ಅಲ್ಲಾಡಿಸಿದ. ಕೊಯ್ಯುವುದಕ್ಕೆ ಇನ್ನಷ್ಟು ಹೊತ್ತು ಅಲ್ಲೇ ನಿಲ್ಲಬೇಕಲ್ಲ. ಕರಿ ಚೀಲವನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ ಹೊರಟಾಗ ಅದು ಮೊಣಕಾಲಿಗೆ ತಣ್ಣಗೆ ಬಡಿಯುತ್ತಿತ್ತು. ಐವತ್ತು ದಾಟಿದ ಗಂಡಸು, ಹುಟ್ಟಿದಾಗಿನಿಂದ ಮೊದಲ ಸಲ ಮೀನು ಕೊಂಡಿದ್ದ.

ಅವನ ಮನೆಯಲ್ಲಿ ಅದು ಬಂದದ್ದೇ ಇಲ್ಲ. ಅಪ್ಪ ಪಂಢರಪುರಕ್ಕೆ ನಡೆದು ಹೋಗಿ ಕೊರಳಿಗೆ ತುಳಸಿ ಮಾಲೆ ಹಾಕಿಕೊಂಡು ಬಂದಾಗ ಜಗದೇವಪ್ಪ ಇನ್ನೂ ತೊಟ್ಟಿಲಲ್ಲಿದ್ದ. ಅಂದಿನಿಂದ ಮನೆಗೆ ಮನೆಯೇ ಮೀನು ಮಾಂಸ ಬಿಟ್ಟಿತು. ಅಪ್ಪ ತೀರಿದ ಮೇಲೆ ಅವ್ವ ಆ ಮಾಲೆಯನ್ನು ತನ್ನ ಕೊರಳಿಗೆ ಹಾಕಿಕೊಂಡಳು. ದಂಡೋತಿಯಿಂದ ಸಾಬಮ್ಮ ಸೊಸೆಯಾಗಿ ಬಂದ ಮೊದಲ ವಾರವೇ ಅವ್ವ ಪಡಸಾಲೆಯಲ್ಲಿ ಕೂತು, "ನಿಮ್ಮ ಕಡಿ ಹೆಂಗೋ ಏನೋ, ಈ ಮನಿಯಾಗ ಅದು ಬರಂಗಿಲ್ಲ ನೋಡವ್ವ," ಎಂದಿದ್ದಳು. "ಆಯ್ತ್ರಿ ಅತ್ತಿ," ಎಂದಿದ್ದಳು ಸಾಬಮ್ಮ. ಮಾತು ಅಷ್ಟೇ. ಅಂಗಳದಲ್ಲಿ ಸೈಕಲ್ಲಿನ ಚೈನು ಹಾಕುತ್ತಿದ್ದ ಜಗದೇವಪ್ಪ ಅದನ್ನು ಕೇಳಿಸಿಕೊಂಡಿದ್ದ. ಚಪ್ಪಲಿ ಹೊರಗೆ ಬಿಡಬೇಕು ಎಂದರೆ ಹೇಗೆ ಕೇಳುತ್ತದೋ ಹಾಗೆ ಕೇಳಿತ್ತು ಅವನಿಗೆ. ಅತ್ತೆ ಸೊಸೆ ಇಬ್ಬರೂ ಆಮೇಲೆ ಭಾಳ ಚೆನ್ನಾಗಿದ್ದರು. ಅವ್ವನ ಕಡೆಗಾಲದಲ್ಲಿ ಅವಳ ಹೇಲು ಉಚ್ಚೆ ಬಾಚಿದವಳು ಸಾಬಮ್ಮನೇ. ಮಗಳು ರಾಧಿಕಾ ಗಂಡನ ಮನೆ ಸೇರಿದ್ದಳು, ಅವ್ವ ಹೋಗಿಯೂ ಮೂರು ವರ್ಷವಾಗುತ್ತ ಬಂತು.

ದೀಪಾವಳಿ ಕಳೆದ ಮೇಲೆ ಸಾಬಮ್ಮನ ತಮ್ಮ ಚಂದ್ರಾಮಪ್ಪನ ಮೊಮ್ಮಗನ ಜಾವಳಕ್ಕೆಂದು ಗಂಡ ಹೆಂಡತಿ ದಂಡೋತಿಗೆ ಹೋಗಿದ್ದರು. ಆ ವರ್ಷ ಮಳೆ ಚೆನ್ನಾಗಿ ಆಗಿ ಕಾಗಿಣಾ ಇನ್ನೂ ತುಂಬಿ ಹರಿಯುತ್ತಿತ್ತು. ಬೆಳಿಗ್ಗೆ ಹಿಡಿದ ಮೀನು ಮಧ್ಯಾಹ್ನಕ್ಕೆ ದೊಡ್ಡ ಪಾತೇಲಿಯಲ್ಲಿ ಕುದಿಯುತ್ತಿತ್ತು. ಮಾಲೆಯವರಿಗೆ ಬೇರೆ ಪಂಕ್ತಿ. ಜಗದೇವಪ್ಪ ಯಾವಾಗಲಿನಂತೆ ಅದರಲ್ಲಿ ಕೂತ. ಪಕ್ಕದಲ್ಲಿ ಸಾಬಮ್ಮ ಅನ್ನ ಬ್ಯಾಳಿ ಕಲಸಿಕೊಂಡು ಕೂತಿದ್ದಳು. ಸಾಬಮ್ಮನ ದೊಡ್ಡವ್ವ ಹಣಮಮ್ಮ, ಕಣ್ಣು ಸರಿಯಾಗಿ ಕಾಣದ ಮುದುಕಿ, ಕೋಲೂರಿಕೊಂಡು ಬಂದು ಅವನೆದುರು ನಿಂತಳು.

"ಅಳಿಯಂದಿರ, ನಮ್ಮ ಸಾಬಿ ಹೊಳ್ಯಾಗ ಮೊಣಕಾಲಮಟ ಇಳದು ಸೆರಗಿಲೆ ಮೀನ ಹಿಡೀತಿದ್ಲು, ನಿಮಗ ಗೊತ್ತದೇನು? ತಲಿ ತುಂಡು ತನಗೇ ಬೇಕಂತ ತಮ್ಮನ ಜೋಡಿ ಹೊಡದಾಡ್ತಿದ್ಲು. ಅಂಥಾಕಿ ಈಗ ನೋಡ್ರಿ, ಬ್ಯಾಳಿ ಉಣ್ಲಿಕತ್ಯಾಳ."

"ಸುಮ್ನಿರು ದೊಡ್ಡವ್ವ," ಎಂದು ಸಾಬಮ್ಮ ನಕ್ಕಳು. ನಗುವಾಗ ಕೈಯಲ್ಲಿದ್ದ ತುತ್ತನ್ನು ಹಾಗೆಯೇ ಹಿಡಿದಿದ್ದಳು. ಊಟ ಮುಗಿಸಿ ಎದ್ದು ಆಚೆ ಪಂಕ್ತಿಗೆ ಮೀನಿನ ಸಾರು ಬಡಿಸಿದಳು. ಯಾರಿಗೆ ಬಾಲದ ಕಡೆಯದು ಬೇಕು, ಯಾರಿಗೆ ಹೊಟ್ಟೆಯದು ಎಂದು ಯಾರನ್ನೂ ಕೇಳಲಿಲ್ಲ. ಅವಳಿಗೆ ನೆನಪಿತ್ತು.

ಸಂಜೆ ವಾಪಸ್ ಬರುವಾಗ ಗಾಡಿಯ ಮೇಲೆ ಜಗದೇವಪ್ಪ ತಲೆ ಹಿಂದಕ್ಕೆ ಮಾಡಿ ಕೇಳಿದ.

"ನಿನಗ ಮೀನ ಅಷ್ಟು ಸೇರ್ತಿತ್ತೇನು?"

"ಏನಂದ್ರಿ?"

"ಮೀನ. ಸೇರ್ತಿತ್ತೇನು ಅಂತ."

"ಯಾವಾಗಿನ ಮಾತ್ರೀ ಅದು. ಮುಂದ ನೋಡಿ ಹೊಡೀರಿ, ಲಾರಿ ಬರ್ಲಿಕತ್ತದ."

ಆ ರಾತ್ರಿಯೋ ಮರುದಿನವೋ ಅವನು ನಿಶ್ಚಯ ಮಾಡಿದ್ದು. ಮೀನು ತಂದು ಅವಳ ಮುಂದಿಡಬೇಕು. ಆದರೆ ಚೀಲ ಅವಳ ಕೈಗಿತ್ತು ತಾನು ಮೂಗು ಮುಚ್ಚಿಕೊಂಡು ಅಂಗಳಕ್ಕೆ ಹೋಗಿ ಕೂತರೆ ಅದು ಭಿಕ್ಷೆ ಹಾಕಿದಂತಾಗುತ್ತದೆ. ಜೊತೆಗೆ ಕೂತು ತಾನೂ ಉಣ್ಣಬೇಕು. ಅದಕ್ಕೆ ಮೊದಲು ತಾನು ಕಲಿಯಬೇಕು. ಕಲಿಸುವುದಕ್ಕೆ ಮುಬೀನ ಇದ್ದ. ಇಬ್ಬರೂ ಹಾಸುಗಲ್ಲಿನ ಒಂದೇ ಪಾಲಿಶ್ ಕಾರ್ಖಾನೆಯಲ್ಲಿ ಬಹಳ ವರ್ಷದಿಂದ ದುಡಿದವರು. ಮುಬೀನ ಕಟಿಂಗ್ ಮಷೀನಿನ ಮೇಲೆ, ಜಗದೇವಪ್ಪ ಫರ್ಸಿಕಲ್ಲು ಬಡಿದು ನೋಡಿ ಆರಿಸುವುದರಲ್ಲಿ. ಮುಬೀನನ ಮನೆ ವಾಡಿಯಲ್ಲಿ.

ಆ ಮೊದಲ ಐತವಾರ ಮುಬೀನನ ಹೆಂಡತಿ ಸೈದಾನಬಿ ಕರಿ ಚೀಲ ಬಿಚ್ಚಿದವಳೇ ಮತ್ತೆ ಗಂಟು ಹಾಕಿದಳು.

"ಭಾಯಿ, ಇದು ನಿನ್ನೆದೂ ಅಲ್ಲ. ಮೊನ್ನೆದು."

ಮುಬೀನ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಫರ್ಸಿ ಬಡದು ಒಳಗಿನ ಸೀಳು ಹೇಳೋ ಮನಿಷಾ, ಬಾಸಿ ಮೀನ ತಂದಾನ!" ಎಂದ. ಅಂದಿನ ಊಟ ಅವರ ಮನೆಯ ತತ್ತಿ ಪಲ್ಯದಲ್ಲಿ ಮುಗಿಯಿತು. ಜಗದೇವಪ್ಪ ಅದನ್ನೂ ಮುಟ್ಟದೆ ಉಪ್ಪಿನಕಾಯಿ ಹಚ್ಚಿಕೊಂಡು ರೊಟ್ಟಿ ತಿಂದ.

ಮುಂದಿನ ವಾರ ಸರ್ವರಬೇಗಂಳ ಮುಂದೆ ಹೋಗಿ ನಿಂತು, "ಬಾಸಿ ಮೀನ ಕೊಟ್ರೇನ್ರಿ ನನಗ?" ಎಂದ. ಅವಳು ಒಂದಿಷ್ಟೂ ಅಳುಕಲಿಲ್ಲ.

"ಕೊಟ್ಟೆ. ಬಂದವರು ಮೀನಿನ ಕಡಿ ನೋಡಬೇಕು. ನೀವು ಗೇಟಿನ ಕಡಿ ನೋಡ್ಲಿಕತ್ತಿದ್ರಿ. ಇವರಿಗಿ ಮೀನ ಬೇಕಿಲ್ಲ, ಇಲ್ಲಿಂದ ಜಲ್ದಿ ಹೋಗೋದು ಬೇಕಾಗ್ಯದ ಅಂದ್ಕೊಂಡೆ." ಮಾತಾಡುತ್ತಲೇ ಒಂದು ರೋಹುವನ್ನು ಎತ್ತಿ ಅವನ ಮೂಗಿನ ಮುಂದೆ ಹಿಡಿದಳು. "ಈಗರ ನೋಡ್ರಿ. ಕಿವಿ ಎತ್ತಿದ್ರ ಒಳಗ ಕೆಂಪಗಿರಬೇಕು. ಕಣ್ಣು ಮ್ಯಾಲ ಬಂದಿರಬೇಕು, ತೆಳಗ ಕುಂತಿದ್ರ ಹಳೇದು. ಒತ್ರಿ, ಅಂಜಬ್ಯಾಡ್ರಿ, ಅದೇನು ಕಡಿಯಂಗಿಲ್ಲ."

ಜಗದೇವಪ್ಪ ಬೆರಳಿನಿಂದ ಒತ್ತಿದ. ತಣ್ಣನೆ ಮೈ ಒಳಗೆ ಹೋಗಿ ಮತ್ತೆ ಮೇಲೆ ಬಂತು. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಕೊಳ್ಳುವುದಕ್ಕಿಂತ ತಿನ್ನುವುದು ಕಷ್ಟವಾಯಿತು. ಮೊದಲ ತುತ್ತು ನಾಲಿಗೆಯ ಮೇಲೆ ಇತ್ತು, ಗಂಟಲು ಬಾಗಿಲು ಹಾಕಿಕೊಂಡಿತ್ತು. ಅವ್ವನ ಕೊರಳಿನ ಮಾಲೆ ಕಣ್ಣ ಮುಂದೆ ಬಂತು. ನೀರು ಕುಡಿದು ನುಂಗಿದ. ಎರಡನೆಯ ವಾರ ಒಂದು ಮುಳ್ಳು ಗಂಟಲಿಗೆ ಸಿಕ್ಕಿ ಕಣ್ಣಲ್ಲಿ ನೀರು ಬಂತು. ಸೈದಾನಬಿ ರೊಟ್ಟಿಯ ದೊಡ್ಡ ತುಂಡನ್ನು ಅಗಿಯದೆ ನುಂಗಿಸಿದಳು. ಅನ್ನದ ಜೊತೆ ಅವಸರ ಮಾಡಬಾರದು, ಬೆನ್ನಿನ ಕಡೆ ಮುಳ್ಳು ದಪ್ಪ, ಬಾಲದ ಕಡೆ ಕೂದಲಿನಂಥವು ಎಂದು ಹೇಳಿಕೊಟ್ಟಳು. ಚಳಿ ಬೀಳುವ ಹೊತ್ತಿಗೆ ಅವನಿಗೆ ಮೀನು ಹಿಡಿಸತೊಡಗಿತ್ತು. ಹುಣಸೆ ಹುಳಿ, ಬೆಳ್ಳುಳ್ಳಿ, ಕೆಂಪು ಖಾರ ಹೀರಿಕೊಂಡ ಬಿಳಿ ಮಾಂಸ ಬೆರಳಿನಲ್ಲಿ ಪದರ ಪದರವಾಗಿ ಬಿಚ್ಚಿಕೊಳ್ಳುವುದು, ಬಿಸಿ ಜೋಳದ ರೊಟ್ಟಿಯ ಜೊತೆ ಬಾಯಲ್ಲಿ ಕರಗುವುದು. ಗುರುವಾರ ಶುಕ್ರವಾರವೇ ಐತವಾರದ ನೆನಪಾಗಿ ಬಾಯಲ್ಲಿ ನೀರೂರುತ್ತಿತ್ತು. ಸರ್ವರಬೇಗಂ ದೂರದಿಂದಲೇ ಅವನನ್ನು ಗುರುತಿಸಿ ಒಳ್ಳೆಯದೊಂದನ್ನು ಗೋಣಿಯ ಕೆಳಗೆ ತೆಗೆದಿಡುತ್ತಿದ್ದಳು.

ಮನೆಯಲ್ಲಿ ಮಾತ್ರ ಓವರ್‌ಟೈಮ್ ಎಂದು ಹೇಳುತ್ತಿದ್ದ. "ಐತವಾರನೂ ದುಡಿಸ್ತಾರೇನ್ರಿ?" ಎಂದು ಸಾಬಮ್ಮ ಒಂದೇ ಸಲ ಕೇಳಿದಳು. ಲೋಡ್ ಹೋಗಬೇಕಾಗ್ಯದ ಎಂದ. ಮತ್ತೆ ಅವಳು ಕೇಳಲಿಲ್ಲ. ಬಂದವನಿಗೆ ನೀರು ಕೊಡುತ್ತಿದ್ದಳು, ಅಂಗಿ ಬಿಚ್ಚಿಸಿಕೊಂಡು ಒಗೆಯಲು ಹಾಕುತ್ತಿದ್ದಳು. ಈ ವಾರ ಅವಳಿಗೆ ಒಯ್ಯಬೇಕು ಎಂದುಕೊಳ್ಳುತ್ತಿದ್ದ. ಮುಬೀನನ ಮನೆಯಲ್ಲಿ ತಾಟು ಮುಂದೆ ಬಂದ ಮೇಲೆ, ಬರುವ ವಾರ ಎಂದುಕೊಳ್ಳುತ್ತಿದ್ದ. ಇನ್ನೂ ಸ್ವಲ್ಪ ರೂಢಿಯಾಗಲಿ ಎನ್ನುವುದು ಅವನ ನೆವವಾಗಿತ್ತು.

ಶಿವರಾತ್ರಿ ಕಳೆದ ಒಂದು ಐತವಾರ ಎರಡನೆಯ ಸಲ ಸಾರು ಹಾಕಿಸಿಕೊಳ್ಳುತ್ತಿದ್ದಾಗ ಮುಬೀನ ನಗುತ್ತಲೇ ಅಂದ.

"ಜಗ್ಗಣ್ಣ, ಭಾಬಿ ಸಲುವಾಗಿ ಕಲೀಲಿಕ್ಕ ಬಂದಿ ನೀ. ಭಾಬಿ ಎಲ್ಲಿ ಅದಾಳೋ, ನೀನೇ ತಲಿ ತುಂಡು ಕೇಳ್ಲಿಕತ್ತಿ ಈಗ."

ಚೇಷ್ಟೆಗೆ ಅಂದದ್ದು. ಸೈದಾನಬಿಯೂ ನಕ್ಕಳು. ಜಗದೇವಪ್ಪ ಮಾತ್ರ ತಾಟಿನ ಕಡೆ ನೋಡಿದ. ತಲೆಯ ತುಂಡು ಅಲ್ಲಿತ್ತು. ಅದನ್ನು ಬಿಡಲೂ ಆಗದೆ ತಿನ್ನಲೂ ಆಗದೆ ಬಹಳ ಹೊತ್ತು ಕೂತ.

ಮರುವಾರ ಅವನು ವಾಡಿಗೆ ಹೋದ, ಮುಬೀನನ ಮನೆಗೆ ಹೋಗಲಿಲ್ಲ. ಆ ಬೆಳಿಗ್ಗೆ ಕಾಗಿಣಾದ ಮೀನು ಬಂದಿತ್ತು. ಕಿವಿ ಎತ್ತಿದರೆ ದಾಸವಾಳದ ಹಾಗೆ ಕೆಂಪಗಿದ್ದ ಒಂದನ್ನು ತಾನೇ ಆರಿಸಿದ. ಚೀಲವನ್ನು ಬಚ್ಚಿಡದೆ ಹ್ಯಾಂಡಲ್ಲಿಗೆ ತೂಗುಹಾಕಿ ಶಹಾಬಾದದ ಪೇಟೆಯ ನಡುವೆಯೇ ಬಂದ.

ಸಾಬಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವನು ಚೀಲವನ್ನು ಅವಳ ಮುಂದಿಟ್ಟ. ಅವಳು ಬಿಚ್ಚಿ ನೋಡಿದಳು. ಯಾರೂ ಹೇಳದಿದ್ದರೂ ಕಿವಿ ಎತ್ತಿ ನೋಡಿದಳು. ಆಮೇಲೆ ಅವನ ಕಡೆ ನೋಡಿದಳು.

"ಹೊಳಿದು," ಎಂದಳು.

"ಹೌದು. ಕಾಗಿಣಾದ್ದು. ನಿನಗಂತ ತಂದೀನಿ. ನಾನೂ ಉಣ್ತೀನಿ ನಿನ್ನ ಜೋಡಿ."

ಸಾಬಮ್ಮ ಪಡಸಾಲೆಯ ಗೋಡೆಯ ಮೇಲಿದ್ದ ಅತ್ತೆಯ ಫೋಟೋದ ಕಡೆ ಒಮ್ಮೆ ತಿರುಗಿದಳು. "ಒಳಗಿನ ಒಲಿ ಮ್ಯಾಲ ಬ್ಯಾಡ್ರಿ. ಹಿತ್ತಲದಾಗ ಮಾಡ್ತೀನಿ," ಎಂದು ಸೆರಗು ಸಿಕ್ಕಿಸಿಕೊಂಡು ಎದ್ದಳು.

ಆಮೇಲಿನದನ್ನು ಜಗದೇವಪ್ಪ ಹಿತ್ತಲ ಬಾಗಿಲಲ್ಲಿ ಕೂತು ನೋಡಿದ. ಮೂರು ಕಲ್ಲು ಹೂಡಿ ಒಲೆ ಮಾಡಿದಳು. ಬೂದಿ ಹಚ್ಚಿ, ಪಾಲಿಶ್ ಆಗದ ಒಂದು ಒರಟು ಫರ್ಸಿಯ ಮೇಲೆ ಮೀನನ್ನು ಹಿಂದೆ ಮುಂದೆ ಉಜ್ಜಿದಳು. ಹುರುಪೆ ಬಿಳಿ ಚಿಟ್ಟೆಯ ರೆಕ್ಕೆಯಂತೆ ಹಾರಿ ಅವಳ ಮೊಣಕೈಗೆ ಅಂಟಿಕೊಂಡಿತು. ಕುಡಗೋಲನ್ನು ಪಾದದ ಕೆಳಗೆ ಒತ್ತಿ ಹಿಡಿದು ತುಂಡು ಮಾಡಿದ ರೀತಿ, ಉಪ್ಪು ಅರಿಷಿಣ ಸವರಿದ ರೀತಿ, ಒಣ ಕೊಬ್ಬರಿ ಸುಟ್ಟು ಅರೆದ ರೀತಿ, ಯಾವುದರಲ್ಲೂ ಮರೆವಿರಲಿಲ್ಲ. ತನ್ನ ಪಾಡಿಗೆ ತಾನು ಏನೋ ಗುನುಗುತ್ತಿದ್ದಳು. ಈ ಹೆಂಗಸನ್ನು ತಾನು ಮೊದಲು ನೋಡಿದ್ದೇ ಇಲ್ಲ ಎನ್ನಿಸಿತು ಅವನಿಗೆ. ಹುಳಿ ಕುದಿ ಬಂದಾಗ ತುಂಡುಗಳನ್ನು ಒಂದೊಂದಾಗಿ ಬಿಟ್ಟು, ಸೌಟು ಹಾಕದೆ ಗಡಿಗೆಯನ್ನೇ ಹಿಡಿದು ತಿರುವಿದಳು.

"ಸೌಟು ಹಾಕಿದ್ರ ಒಡೀತಾವ," ಎಂದಳು ಅವನ ಕಡೆ ತಿರುಗದೆ.

ಎರಡು ತಾಟು ಹಚ್ಚಿ ಹಿತ್ತಲ ಬೇವಿನ ನೆರಳಲ್ಲೇ ಕೂತರು. ತಲೆಯ ತುಂಡನ್ನು ಅವನೇ ಎತ್ತಿ ಅವಳ ತಾಟಿಗೆ ಹಾಕಿದ. ಅವಳು ನಾಚಿಕೊಂಡಳು. ರೊಟ್ಟಿ ಮುರಿದು, ಸಾರಿನಲ್ಲಿ ಅದ್ದಿ, ಚೂರು ಮೀನು ಹಿಡಿದು ಬಾಯಿಗಿಟ್ಟಳು. ಒಮ್ಮೆ ಅಗಿದಳು. ಅಗಿಯುವುದು ನಿಂತಿತು. ಕಣ್ಣು ಮುಚ್ಚಿ ಮತ್ತೊಮ್ಮೆ ಅಗಿದು ನೋಡಿದಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ಎದ್ದು ಬಚ್ಚಲಿನ ಕಡೆ ಓಡಿದಳು.

ಜಗದೇವಪ್ಪ ತಂಬಿಗೆ ನೀರು ಹಿಡಿದುಕೊಂಡು ಹಿಂದೆ ಹೋದ. ಅವಳು ಬಾಯಿ ಮುಕ್ಕಳಿಸಿ, ಮುಖ ತೊಳೆದುಕೊಂಡು, ಅಲ್ಲೇ ಕಟ್ಟೆಗೆ ಕೂತಳು.

"ಖಾರ ಭಾಳಾಯ್ತೇನು?"

"ಇಲ್ರಿ. ಖಾರ ಬರೋಬ್ಬರಿ ಅದ. ನನಗೇ ಸೇರವಲ್ದು."

"ಮೊದಲಿಗಿ ನನಗೂ ಹಂಗೇ ಆಗಿತ್ತು. ಎರಡು ವಾರ ತಿಂದ್ರ..." ಎಂದು ಶುರು ಮಾಡಿ ಅವನು ಅಲ್ಲೇ ನಿಲ್ಲಿಸಿದ.

"ಗೊತ್ತದ," ಎಂದಳು ಸಾಬಮ್ಮ. "ನಿಮ್ಮ ಅಂಗಿ ಒಗಿಯಾಕಿ ನಾನೇ ಅಲ್ಲೇನ್ರಿ?"

ಅವನು ತಂಬಿಗೆಯನ್ನು ಕಟ್ಟೆಯ ಮೇಲಿಟ್ಟ. ಅವನಿಗೆ ತಲೆ ಎತ್ತಲಾಗಲಿಲ್ಲ.

"ಮೊದಲನೇ ಐತವಾರಕ್ಕೇ ಗೊತ್ತಾಯ್ತು. ದಂಡೋತಿಗಿ ಹೋಗಿ ಬಂದ ಮ್ಯಾಲ ಇದು ಶುರು ಆಗ್ಯದಂದ್ರ, ನನ್ನ ಸಲುವಾಗೇ ಏನೋ ಮಾಡ್ಲಿಕತ್ತಾರ ಅಂದ್ಕೊಂಡೆ. ಈ ವಾರ ತರ್ತಾರ, ಈ ವಾರ ತರ್ತಾರ ಅಂತ ಮಸಾಲಿನೂ ಕುಟ್ಟಿ ಇಟ್ಟಿದ್ದೆ ಒಂದ್ಸಲ." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಬೇರೆ ಯಾರದೋ ಸುದ್ದಿ ಹೇಳುವವಳ ಹಾಗೆ ಹೇಳುತ್ತಿದ್ದಳು.

"ಆಗ ತಂದಿದ್ರ ಉಣ್ತಿದ್ದೇನು?"

ಸಾಬಮ್ಮ ಯೋಚಿಸಿದಳು. ಸುಳ್ಳು ಹೇಳಿ ಅವನಿಗೆ ಸಮಾಧಾನ ಮಾಡಬೇಕೋ ಬೇಡವೋ ಎಂದು ತೂಗುತ್ತಿರುವಂತೆ ಕಂಡಿತು.

"ಆಗೂ ಹಿಂಗೇ ಆಗ್ತಿತ್ತೇನೋ. ಇದು ಇವತ್ತಿಂದಲ್ರಿ. ರಾಧಿಕಾ ಹೊಟ್ಯಾಗಿದ್ದಾಗ ಬಯಕಿ ಎಲ್ಲಾ ಇದರ ಮ್ಯಾಲೇ ಇತ್ತು. ಆಚಿ ಓಣ್ಯಾಗ ಯಾರೋ ಹುರೀತಿದ್ರು. ಘಾಟು ಬಂದ್ರ ನಿದ್ದಿ ಹತ್ತತಿರಲಿಲ್ಲ. ನೀವು ಏನು ಬೇಕು ಅಂತ ಕೇಳಿದ್ರಿ. ಅತ್ತಿ ಅಲ್ಲೇ ಕುಂತಿದ್ರು, ಏನಂತ ಹೇಳ್ಲಿ? ಕಲಬುರಗಿಯಿಂದ ಪೇಡೆ ತಂದ್ರಿ. ಪಾಪ, ಓಡಿ ಹೋಗಿ ತಂದಿದ್ರಿ. ಅದನ್ನ ತಿನಕೋತ, ಆ ಘಾಟು ಹೊಲಸದ, ಹೊಲಸದ ಅಂತ ಮನಸಿಗಿ ಹೇಳ್ಕೊಂಡೆ. ಬಂದಾಗೆಲ್ಲಾ ಹಂಗೇ ಹೇಳ್ಕೋತ ಬಂದೆ. ಹೇಳಿ ಹೇಳಿ ಈಗ ಅದೇ ಖರೇ ಆಗ್ಯದ ನೋಡ್ರಿ." ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಬರ್ರಿ. ನಿಮ್ಮದರ ಆರಿ ಹೋಗ್ತದ."

"ನನಗ ಬ್ಯಾಡ ಈಗ."

"ಯಾಕ ಬ್ಯಾಡ? ಮಾಡೀನಲ್ಲ. ಕುಂದ್ರಿ."

ಅವಳ ಮಾತಿನಂತೆ ಕೂತ. ತುತ್ತು ಮಾಡಿದ. ಸೈದಾನಬಿಯ ಸಾರಿಗಿಂತ ಇದು ಎಷ್ಟೋ ಪಾಲು ರುಚಿಯಾಗಿತ್ತು. ರುಚಿಯಾಗಿದೆ ಎನ್ನುವುದನ್ನೇ ಅವನಿಗೆ ತಾಳಲಾಗಲಿಲ್ಲ. ಕಣ್ಣು ಮಂಜಾಗಿ ಮುಳ್ಳು ಕಾಣದೆ ತಡವರಿಸಿದ. ಅದನ್ನು ನೋಡಿ ಸಾಬಮ್ಮ ಅವನ ತಾಟನ್ನು ತನ್ನ ಕಡೆ ಎಳೆದುಕೊಂಡಳು. ಮೂಗಿನಲ್ಲಿ ಉಸಿರು ತೆಗೆಯದೆ, ಮುಖ ತುಸು ಪಕ್ಕಕ್ಕೆ ತಿರುಗಿಸಿ, ತುಂಡಿನ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿದಳು. ನಡುಮುಳ್ಳು ಬಾಚಣಿಕೆಯಂತೆ ಇಡಿಯಾಗಿ ಕೈಗೆ ಬಂತು. ಕೂದಲಿನಂಥ ಸಣ್ಣವನ್ನು ನೋಡದೆಯೇ ಬೆರಳ ತುದಿಯಿಂದ ಹುಡುಕಿ ತೆಗೆದಳು. ಬಿಳಿ ಮಾಂಸವನ್ನು ತಾಟಿನ ಅಂಚಿಗೆ ಸರಿಸಿ, "ಉಣ್ರಿ," ಎಂದಳು.

ಅವನು ಉಂಡ. ಅವಳು ಬಿಡಿಸಿ ಇಟ್ಟಂತೆಲ್ಲ ಉಂಡ. ಏನಾದರೂ ಹೇಳಬೇಕೆನ್ನಿಸಿ ಬಾಯಿ ತೆರೆದರೆ ಅವಳು ಇನ್ನೊಂದು ತುಂಡು ಎಳೆದುಕೊಳ್ಳುತ್ತಿದ್ದಳು. "ಮುಂದಿನ ಐತವಾರ ಮನಿಗೇ ತರ್ರಿ," ಎಂದಳು ನಡುವೆ. "ಮಾಡಿ ಹಾಕ್ಲಿಕ್ಕ ನನಗೇನು ತ್ರಾಸಿಲ್ಲ. ಮಂದಿ ಮನ್ಯಾಗ ಯಾಕ?"

ಅವನ ಊಟ ಮುಗಿದ ಮೇಲೆ ಸಾಬಮ್ಮ ತನ್ನ ತಾಟನ್ನು ಎತ್ತಿಕೊಂಡು ಹಿತ್ತಲ ಗೋಡೆಯ ಹತ್ತಿರ ಹೋದಳು. ಎಲ್ಲಿತ್ತೋ, ಆಗಲೇ ಒಂದು ಬೂದು ಬಣ್ಣದ ಬೆಕ್ಕು ಗೋಡೆಯಿಂದ ಧುಮುಕಿ ಅವಳ ಕಾಲಿಗೆ ಮೈ ತಿಕ್ಕುತ್ತಿತ್ತು. ಅವಳು ಕುಕ್ಕರುಗಾಲಲ್ಲಿ ಕೂತು, ತನ್ನ ಪಾಲಿನ ತಲೆಯ ತುಂಡನ್ನು ಬಿಡಿಸಿ, ಚೂರು ಚೂರು ಮಾಡಿ ಕಲ್ಲಿನ ಮೇಲೆ ಇಡತೊಡಗಿದಳು.

"ಸಾವಕಾಶ ತಿನ್ನು," ಎಂದು ಅದಕ್ಕೆ ಹೇಳುತ್ತಿದ್ದಳು. "ಯಾರೂ ಕಸ್ಕೊಳ್ಳಂಗಿಲ್ಲ."

ಬೆಕ್ಕು ಕಲ್ಲನ್ನು ನೆಕ್ಕಿ ನೆಕ್ಕಿ ಸ್ವಚ್ಛ ಮಾಡುವವರೆಗೂ, ಮೊಣಕಾಲ ಮೇಲೆ ಗದ್ದ ಊರಿಕೊಂಡು, ಅವಳು ಅದನ್ನೇ ನೋಡುತ್ತ ಕೂತಿದ್ದಳು.